ತೆರೆಗೆ ಬಾರದ ಕುಂಟೆತ್ತು

ಕನ್ನಡದಲ್ಲಿ ‘ಮಕ್ಕಳ ಚಿತ್ರ’ ಎಂದು ಕರೆಯಲಾಗುವ ಸಿನಿಮಾಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವೆಲ್ಲ ಒಂದೇ ಜಾತಿಯವಲ್ಲವೆಂಬುದು ಬೇಗನೆ ತಿಳಿಯುತ್ತದೆ. ಮಗುವಿನ ಕಣ್ಣಿನಿಂದ ದೊಡ್ಡವರ ಲೋಕದ ಕ್ರೌರ್ಯವನ್ನು ಕಾಣಿಸುವ, ಆದರೆ ಮಕ್ಕಳು ನೋಡಲೆಂದು ತೆಗೆದದ್ದಲ್ಲದ ಚಿತ್ರಗಳು ಒಂದು ಬಗೆ. ಗಿರೀಶ ಕಾರ್ನಾಡರ ‘ಕಾಡು’ (1973) ಮತ್ತು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಈ ಸಾಲಿಗೆ ಸೇರುತ್ತವೆ, ಅವೆರಡರಲ್ಲಿಯೂ ನಟಿಸಿದ ಹುಡುಗರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ದೊರೆತಿದ್ದರೂ ಅವನ್ನು ಯಾರೂ ಮಕ್ಕಳ ಚಿತ್ರವೆಂದು ಕರೆಯಲಾರರು. ಶಾಲೆಯ ಮಕ್ಕಳನ್ನು ಸಾಲಾಗಿ ಕೂಡಿಸಿ ತೋರಿಸಲೆಂದೇ ತೆಗೆದ, ಪಾಠದ ಮುಂದುವರಿಕೆಯಂತಿರುವ ಚಿತ್ರಗಳು ಇನ್ನೊಂದು ಬಗೆ. ಇವೆರಡರ ನಡುವೆ, ಅಜ್ಜಿಯಿಂದ ಮೊಮ್ಮಗಳವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದಾದ, ಬಾಲ್ಯದ ಗೆಳೆತನವನ್ನೂ ಕಲ್ಪನೆಯನ್ನೂ ಕಥೆಯ ನಡುವಿಗೆ ತರುವ ಕುಟುಂಬ ಚಿತ್ರಗಳಿವೆ. ಸಂಖ್ಯೆಯಲ್ಲಿ ಇವು ಕಡಿಮೆ, ನೆನಪಿನಲ್ಲಿ ಹೆಚ್ಚು ಕಾಲ ಉಳಿಯುವಂಥವು ಮಾತ್ರ ಇವೇ.

ಈ ಮೂರನೆಯ ಬಗೆಯ ಚಿತ್ರಗಳಲ್ಲಿ ಒಂದು ಸಮಾನ ಲಕ್ಷಣ ಕಾಣುತ್ತದೆ. ಕನ್ನಡದ ತೆರೆಯ ಮೇಲಿನ ಮಗು ಕನಸು ಕಾಣುವಾಗ ಹಾರುವ ಚಾಪೆಯನ್ನೋ ಮಾತನಾಡುವ ಕರಡಿಯನ್ನೋ ಬಯಸುವುದಿಲ್ಲ. ಅದಕ್ಕೆ ಒಂದು ಪುಸ್ತಕ ಬೇಕು, ಕಳೆದುಹೋದ ಹಸು ಬೇಕು, ಗುಬ್ಬಿ ಬೇಕು, ಆಡಲು ಬಯಲು ಬೇಕು, ಇಲ್ಲವೇ ಮುಂದಿನ ಶಾಲೆ ಬೇಕು. ಕಲ್ಪನೆಯು ಕೈಗೆ ಸಿಗಬಹುದಾದ ಒಂದು ವಸ್ತುವಿನ ಸುತ್ತ ಕಟ್ಟಿಕೊಳ್ಳುತ್ತದೆ, ಗೆಳೆತನದ ಪರೀಕ್ಷೆಯೂ ಆ ವಸ್ತುವಿನ ಮೂಲಕವೇ ನಡೆಯುತ್ತದೆ. ಇದನ್ನು ಕಲ್ಪನೆಯ ಬಡತನವೆಂದು ತಳ್ಳಿಹಾಕುವವರಿದ್ದಾರೆ. ಹಾಗೆ ತಳ್ಳಿಹಾಕುವ ಮೊದಲು ಮಕ್ಕಳ ಕಲ್ಪನೆ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು, ಅದೂ ಈ ನೆಲದಲ್ಲಿ ಹೇಗೆ ಮಾಡುತ್ತದೆ ಎಂಬುದನ್ನು ಗಮನಿಸುವುದು ಒಳ್ಳೆಯದು.

ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರಲ್ಲಿ, ತಾನು ತೀರಿಕೊಳ್ಳುವ ಹಿಂದಿನ ವರ್ಷ, ಮಕ್ಕಳ ಆಟವನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ ಕೋಲುಕುದುರೆಯ ಉದಾಹರಣೆಯನ್ನು ಎತ್ತಿಕೊಂಡಿದ್ದ. ಎಳೆಯ ಮಗುವಿಗೆ ವಸ್ತು ಮತ್ತು ಅದರ ಅರ್ಥ ಎರಡೂ ಅಂಟಿಕೊಂಡಿರುತ್ತವೆ. ಕುದುರೆ ಎಂಬ ಅರ್ಥವನ್ನು ನಿಜವಾದ ಕುದುರೆಯಿಂದ ಬಿಡಿಸಿಕೊಳ್ಳಲು ಅದಕ್ಕೆ ಬೇರೊಂದು ವಸ್ತುವಿನ ಆಸರೆ ಬೇಕಾಗುತ್ತದೆ, ಆ ಆಸರೆಯೇ ಕೋಲು. ಕೋಲನ್ನು ಕಾಲ ನಡುವೆ ಇಟ್ಟುಕೊಂಡು ಓಡಬಹುದು, ಆದ್ದರಿಂದ ಅದು ಕುದುರೆಯಾಗಬಲ್ಲದು. ಬೆಂಕಿಕಡ್ಡಿ ಆಗಲಾರದು, ಏಕೆಂದರೆ ಅದರ ಮೇಲೆ ಸವಾರಿ ಮಾಡಲಾಗದು. ಅಂದರೆ ಮಗುವಿನ ಕಲ್ಪನೆ ಶೂನ್ಯದಿಂದ ಹುಟ್ಟುವುದಿಲ್ಲ, ಕೈಯಲ್ಲಿರುವ ಯಾವುದೋ ಒಂದು ಸಾಮಾನನ್ನು ಹಿಡಿದುಕೊಂಡೇ ಹುಟ್ಟುತ್ತದೆ. ವಸ್ತುವಿಲ್ಲದೆ ಕೇವಲ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಕಲ್ಪನೆ ಅದರ ನಂತರದ ಹಂತ.

ಬೆಳಗಾವಿ ಜಿಲ್ಲೆಯ ದಕ್ಷಿಣಕ್ಕಿರುವ ರಾಮದುರ್ಗ, ಸವದತ್ತಿ, ಬೈಲಹೊಂಗಲ ತಾಲ್ಲೂಕುಗಳ ಎರೆಸೀಮೆಯಲ್ಲಿ ಈ ಮಾತಿಗೆ ಪ್ರತಿ ವರ್ಷ ಮುಂಗಾರಿನ ಹೊತ್ತಿಗೆ ಪುರಾವೆ ಸಿಗುತ್ತದೆ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರುಗಳಲ್ಲಿ ಎರೆಮಣ್ಣನ್ನು ಹದವಾಗಿ ನಾದಿ ಒಂದು ಜೊತೆ ಎತ್ತುಗಳನ್ನು ಮಾಡಲಾಗುತ್ತದೆ, ಜೊತೆಗೆ ಮೇವು ಹಾಕುವ ಗ್ವಾದಲಿಯನ್ನೂ ಮಣ್ಣಿನಲ್ಲೇ ಮಾಡಲಾಗುತ್ತದೆ. ಕಣ್ಣಿಗೆ ಗುಲಗಂಜಿಯನ್ನೋ ಜೋಳದ ಕಾಳನ್ನೋ ಒತ್ತಿ, ಕೋಡಿಗೆ ಬಣ್ಣದ ಕಾಗದ ಸುತ್ತಿ, ಜಗುಲಿಯ ಮೇಲಿಟ್ಟು ಪೂಜಿಸಿದ ಈ ಎತ್ತುಗಳು ದೊಡ್ಡವರಿಗೆ ಅಂದಿಗೆ ದೇವರು. ಮರುದಿನ ಅವು ಹುಡುಗರ ಪಾಲಿಗೆ ಬರುತ್ತವೆ, ನಿಜವಾದ ಆಟ ಆಗ ಶುರುವಾಗುತ್ತದೆ. ಒಂದು ಎತ್ತಿನ ಕಾಲು ಮುರಿದು ಅದನ್ನು ಕುಂಟೆತ್ತು ಮಾಡಿ, ಆ ಕುಂಟೆತ್ತಿಗೆ ದುಡಿಯಲಾಗದು, ಅದರ ಹೊಟ್ಟೆಗೆ ಏನಾದರೂ ನೀಡಬೇಕೆಂದು ಹಾಡುತ್ತ ಹುಡುಗರ ಗುಂಪು ಮನೆಮನೆಗೆ ಹೋಗುತ್ತದೆ. ಮನೆಯ ಹೆಂಗಸರು ಅದನ್ನು ನಂಬಿದವರಂತೆ ಮೊರದಲ್ಲಿ ಜೋಳ ತಂದು ಸುರಿಯುತ್ತಾರೆ, ಕೆಲವರು ಚಿಲ್ಲರೆ ಕಾಸು ಕೊಡುತ್ತಾರೆ, ಸಂಜೆಗೆ ಹುಡುಗರು ಅದನ್ನು ಹಂಚಿಕೊಳ್ಳುತ್ತಾರೆ ಇಲ್ಲವೇ ಅಂಗಡಿಗೆ ಹಾಕಿ ತಿನಿಸು ತಂದು ತಿನ್ನುತ್ತಾರೆ. ಹುಡುಗಿಯರದು ಬೇರೆಯೇ ಲೋಕ: ಆಷಾಢದ ಮಂಗಳವಾರಗಳಂದು ಅವರು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಸಿಂಗರಿಸಿ, ಆರತಿ ಎತ್ತಿ, ಕಡೆಯ ವಾರ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಅವಳನ್ನು ಕಳಿಸಿಬರುತ್ತಾರೆ.

ಕುಂಟೆತ್ತಿನ ಆಟವನ್ನು ಬಿಡಿಸಿ ನೋಡಿದರೆ ಬಾಲ್ಯದ ಗೆಳೆತನ ಮತ್ತು ಕಲ್ಪನೆಯ ಚಿತ್ರಕ್ಕೆ ಬೇಕಾದ ಎಲ್ಲ ಅಂಗಗಳೂ ಅದರಲ್ಲಿವೆ. ಇಲ್ಲದ ಜೀವವೊಂದಿದೆ, ಅದಕ್ಕೆ ಒಂದು ಕೊರತೆಯಿದೆ, ಆ ಕೊರತೆಯ ನೆಪದಲ್ಲಿ ಒಂದು ಗುಂಪು ಕೂಡಿಕೊಳ್ಳುತ್ತದೆ, ಗುಂಪಿಗೆ ಒಂದು ಗುಟ್ಟಿನ ಒಪ್ಪಂದವಿದೆ, ಮತ್ತು ದೊಡ್ಡವರು ಆ ಒಪ್ಪಂದವನ್ನು ಒಡೆಯದೆ ತಾವೂ ಅದರಲ್ಲಿ ಒಂದು ಪಾತ್ರ ವಹಿಸುತ್ತಾರೆ. ಮನಶ್ಶಾಸ್ತ್ರದಲ್ಲಿ ‘ಕಾಲ್ಪನಿಕ ಗೆಳೆಯ’ ಎಂಬ ಪರಿಕಲ್ಪನೆಯೊಂದಿದೆ. ಮಗು ತಾನೇ ಹುಟ್ಟಿಸಿಕೊಂಡು, ಹೆಸರಿಟ್ಟು, ಮಾತನಾಡಿಸುವ ಜೊತೆಗಾರ ಎಂಬುದು ಅದರ ಅರ್ಥ. ಅಮೆರಿಕದ ಮಾರ್ಜರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ವರ್ಷ ತುಂಬುವ ಹೊತ್ತಿಗೆ ಶೇಕಡಾ 65ರಷ್ಟು ಮಕ್ಕಳು ಒಂದಲ್ಲ ಒಂದು ಕಾಲಕ್ಕೆ ಇಂಥ ಗೆಳೆಯನನ್ನು ಹೊಂದಿದ್ದರೆಂದು ಕಂಡುಬಂದಿತ್ತು. ಒಂಟಿ ಕೋಣೆಯಲ್ಲಿ ಬೆಳೆಯುವ ಮಗುವಿನ ಈ ಖಾಸಗಿ ಗೆಳೆಯನಿಗೆ ಹೋಲಿಸಿದರೆ ಕುಂಟೆತ್ತು ಸಾರ್ವಜನಿಕ ಜೀವಿ. ಅದು ಇಡೀ ಓಣಿಯ ಕಲ್ಪನೆ. ಕನ್ನಡದ ಮಕ್ಕಳ ಚಿತ್ರವನ್ನು ಅಳೆಯಬೇಕಾದದ್ದು ಹಾರುವ ಚಾಪೆಯಿಂದಲ್ಲ, ಈ ಅಳತೆಗೋಲಿನಿಂದ.

ಆ ಅಳತೆಗೆ ಮೊದಲು ನಿಲ್ಲುವ ಚಿತ್ರ ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ‘ಬೆಟ್ಟದ ಹೂವು’ (1985). ಶರ್ಲಿ ಅರೋರಾ ಎಂಬ ಅಮೆರಿಕನ್ ಲೇಖಕಿಯ 1960ರ ಮಕ್ಕಳ ಕಾದಂಬರಿಯೊಂದನ್ನು ಆಧರಿಸಿದ ಈ ಚಿತ್ರದಲ್ಲಿ ಬಡ ಮನೆಯ ಹುಡುಗ ರಾಮು ಕಾಡಿನಿಂದ ಸೀತಾಳೆ ದಂಡೆಯಂಥ ಅಪರೂಪದ ಹೂಗಳನ್ನು ತಂದು ಪರದೇಶದಿಂದ ಬಂದ ಹೆಂಗಸಿಗೆ ಮಾರುತ್ತಾನೆ, ಬಂದ ಕಾಸನ್ನು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕೂಡಿಡುತ್ತಾನೆ. ಕಡೆಗೆ ಪುಸ್ತಕವೋ ಮನೆಯವರ ಚಳಿಗೆ ಕಂಬಳಿಯೋ ಎಂಬ ಪ್ರಶ್ನೆ ಬಂದಾಗ ಅವನು ಕಂಬಳಿಯನ್ನು ಆರಿಸಿಕೊಳ್ಳುತ್ತಾನೆ. ಪುನೀತ್ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಈ ಪಾತ್ರವನ್ನು ತ್ಯಾಗದ ಕಥೆಯೆಂದು ನೋಡುವುದು ವಾಡಿಕೆ. ಆದರೆ ಚಿತ್ರದ ಹೆಚ್ಚಿನ ಹೊತ್ತು ಕಳೆಯುವುದು ತ್ಯಾಗದಲ್ಲಲ್ಲ, ಹಂಬಲದಲ್ಲಿ: ಕೈಯಲ್ಲಿಲ್ಲದ ಪುಸ್ತಕವೊಂದು ಹುಡುಗನೊಬ್ಬನ ದಿನದ ಪ್ರತಿ ಹೆಜ್ಜೆಯನ್ನೂ ಹೇಗೆ ತಿರುಗಿಸುತ್ತದೆ, ಕಾಡಿನ ಹೂವು ಅವನ ಕಣ್ಣಿಗೆ ಹೇಗೆ ಪುಟಗಳ ಬೆಲೆಯಾಗಿ ಕಾಣತೊಡಗುತ್ತದೆ ಎಂಬುದರಲ್ಲಿ. ವೈಗೋಟ್‌ಸ್ಕಿಯ ಕೋಲು ಇಲ್ಲಿ ಹೂವಾಗಿದೆ. ಗೆಳೆತನದ ದೃಷ್ಟಿಯಿಂದ ಮಾತ್ರ ಈ ಚಿತ್ರ ವಿಚಿತ್ರ. ರಾಮುವಿನ ನಿಜವಾದ ಜೊತೆಗಾತಿ ಓರಗೆಯ ಹುಡುಗಿಯಲ್ಲ, ವಯಸ್ಸು, ಭಾಷೆ, ಬಣ್ಣ ಮೂರರಲ್ಲಿಯೂ ದೂರದ ಒಬ್ಬ ಹೆಂಗಸು.

ಈ ವಿಚಿತ್ರ ಇದೊಂದೇ ಚಿತ್ರದ್ದಲ್ಲ. ಸಮವಯಸ್ಸಿನ ಇಬ್ಬರು ಮಕ್ಕಳ ಗೆಳೆತನವನ್ನು ಕಥೆಯ ಬೆನ್ನೆಲುಬಾಗಿ ಮಾಡಿಕೊಂಡ ಕನ್ನಡ ಚಿತ್ರಗಳು ಆಶ್ಚರ್ಯವಾಗುವಷ್ಟು ಕಡಿಮೆ. ಡಿ. ಸತ್ಯಪ್ರಕಾಶ್ ಅವರ ‘ಒಂದಲ್ಲಾ ಎರಡಲ್ಲಾ’ದಲ್ಲಿ (2018) ಸಮೀರ ಎಂಬ ಮುಸ್ಲಿಂ ಹುಡುಗನ ಗೆಳತಿ ಭಾನು ಎಂಬ ಹಸು, ಅದು ತಪ್ಪಿಸಿಕೊಂಡ ಮೇಲೆ ಅವನು ಅದನ್ನು ಹುಡುಕಿಕೊಂಡು ಊರೆಲ್ಲ ಅಲೆಯುವುದೇ ಕಥೆ. ಅಭಯ ಸಿಂಹ ಅವರ ‘ಗುಬ್ಬಚ್ಚಿಗಳು’ ಚಿತ್ರದಲ್ಲಿ ನಗರದಲ್ಲಿ ಕಾಣೆಯಾದ ಗುಬ್ಬಿಯನ್ನು ಹುಡುಕಿ ಹೊರಡುವವರು ಅಣ್ಣತಂಗಿ. ಟಿ.ಎಸ್. ನಾಗಾಭರಣ ಅವರ ‘ಚಿನ್ನಾರಿ ಮುತ್ತ’ದಲ್ಲಿ (1993) ಹಳ್ಳಿಯಿಂದ ಬೆಂಗಳೂರಿಗೆ ಬಂದು ಬೀದಿ ಹುಡುಗರ ನಡುವೆ ಸೇರುವ, ಓಟದ ಕಾಲುಳ್ಳ ಮುತ್ತನಿಗೆ ಗುಂಪಿದೆ, ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡುಗಳು ಮತ್ತು ಸಿ. ಅಶ್ವತ್ಥ್ ಅವರ ಸಂಗೀತ ಆ ಗುಂಪಿಗೆ ಒಂದು ಸಾಮೂಹಿಕ ದನಿ ಕೊಟ್ಟಿವೆ, ಮೂವತ್ತು ವರ್ಷ ಕಳೆದರೂ ಶಾಲಾ ವಾರ್ಷಿಕೋತ್ಸವಗಳಲ್ಲಿ ಆ ಹಾಡುಗಳು ನಿಂತಿಲ್ಲ. ಗುಂಪು ಬೇರೆ, ಗೆಳೆಯ ಬೇರೆ. ಜಗಳವಾಡಿ, ಮಾತು ಬಿಟ್ಟು, ಮತ್ತೆ ಕೂಡಿಕೊಳ್ಳುವ ಒಬ್ಬನೇ ಒಬ್ಬ ಗೆಳೆಯ ತೆರೆಯ ಮೇಲೆ ಸುಲಭವಾಗಿ ಸಿಗುವುದಿಲ್ಲ.

ಅಂಥ ಗೆಳೆತನ ಪೂರ್ಣವಾಗಿ ಕಾಣಿಸಿಕೊಂಡದ್ದು ಕನ್ನಡದ ಮಂದಿಯೇ ಕನ್ನಡದ ನೆಲದಲ್ಲಿ ತೆಗೆದ, ಆದರೆ ಕನ್ನಡ ಭಾಷೆಯದಲ್ಲದ ಒಂದು ಕೃತಿಯಲ್ಲಿ ಎಂಬುದು ಸ್ವಲ್ಪ ಮುಜುಗರದ ಸಂಗತಿ. ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಆರ್.ಕೆ. ನಾರಾಯಣ್ ಅವರ 1935ರ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕೂಡ ಸೇರಿತ್ತು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ಅಪ್ಪನ ಪಾತ್ರದಲ್ಲಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಸ್ವಾಮಿ, ಮಣಿ, ರಾಜಂ ಈ ಮೂವರು ಕ್ರಿಕೆಟ್ ತಂಡವೊಂದನ್ನು ಕಟ್ಟುವ ಪ್ರಸಂಗ ಮಕ್ಕಳ ಕಲ್ಪನೆಯ ಬಗ್ಗೆ ದೊಡ್ಡ ಗ್ರಂಥಗಳು ಹೇಳುವುದಕ್ಕಿಂತ ಹೆಚ್ಚನ್ನು ಹೇಳುತ್ತದೆ: ಬ್ಯಾಟಿಲ್ಲ, ಚೆಂಡಿಲ್ಲ, ಆದರೆ ತಂಡಕ್ಕೊಂದು ಗಂಭೀರ ಹೆಸರಿದೆ, ಅದಕ್ಕೆ ನಾಯಕನಿದ್ದಾನೆ, ಮದ್ರಾಸಿನ ಆಟದ ಸಾಮಾನಿನ ಅಂಗಡಿಗೆ ಬರೆದ ಪತ್ರವಿದೆ, ಸರ್ಕಾರ ತಮ್ಮಂಥ ತಂಡದ ಮೇಲೆ ತೆರಿಗೆ ಹಾಕೀತೇ ಎಂಬ ಆತಂಕವೂ ಇದೆ. ಕಥೆಯ ಕೊನೆಗೆ ಊರು ಬಿಟ್ಟು ಹೋಗುವ ರಾಜಂಗೆ ಸ್ವಾಮಿ ರೈಲ್ವೆ ನಿಲ್ದಾಣದಲ್ಲಿ ಕೊಡುವ ಉಡುಗೊರೆ ಆಂಡರ್ಸನ್ ಎಂಬಾತನ ಕಿನ್ನರ ಕಥೆಗಳ ಪುಸ್ತಕ. ಮುರಿದುಬಿದ್ದ ಗೆಳೆತನವನ್ನು ಸರಿಪಡಿಸಲು ಹುಡುಗನ ಬಳಿ ಬೇರೆ ಭಾಷೆಯಿರಲಿಲ್ಲ. ಕ್ಷಮೆ ಸಿಕ್ಕಿತೋ ಇಲ್ಲವೋ ಎಂಬುದನ್ನು ನಾರಾಯಣ್ ಬಿಡಿಸಿ ಹೇಳುವುದಿಲ್ಲ. ಹಾಗೆ ಹೇಳದೆ ಬಿಡುವ ಧೈರ್ಯ ಮಕ್ಕಳ ಚಿತ್ರಗಳಿಗೆ ಅಪರೂಪ.

1987ರಲ್ಲಿ ಇರಾನಿನಲ್ಲಿ ಅಬ್ಬಾಸ್ ಕಿಯಾರೊಸ್ತಮಿ ‘ಗೆಳೆಯನ ಮನೆ ಎಲ್ಲಿದೆ’ ಎಂಬ ಚಿತ್ರವನ್ನು ತೆಗೆದರು. ಎಂಟು ವರ್ಷದ ಆಸುಪಾಸಿನ ಅಹಮದ್ ಎಂಬ ಹುಡುಗ ಪಕ್ಕದಲ್ಲಿ ಕೂರುವ ಗೆಳೆಯನ ನೋಟುಪುಸ್ತಕವನ್ನು ತಪ್ಪಿ ಮನೆಗೆ ತಂದುಬಿಡುತ್ತಾನೆ. ಮರುದಿನ ಅದರಲ್ಲಿ ಮನೆಗೆಲಸ ಬರೆದಿರದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಹಾಕುತ್ತಾರೆ. ಆದ್ದರಿಂದ ಅವನು ತಾಯಿಯ ಮಾತು ಮೀರಿ ಗುಡ್ಡ ದಾಟಿ, ಮನೆ ಎಲ್ಲಿದೆಯೆಂದು ತಿಳಿಯದ ಊರಿಗೆ ಓಡುತ್ತಾನೆ. ಇಡೀ ಚಿತ್ರದಲ್ಲಿ ಇರುವುದು ಇಷ್ಟೇ. ಇಲ್ಲಿಯೂ ಕಥೆ ಒಂದು ವಸ್ತುವಿನ ಸುತ್ತ ನಡೆಯುತ್ತದೆ, ಕನ್ನಡ ಚಿತ್ರಗಳಂತೆಯೇ. ವಸ್ತುವಿನ ಸುತ್ತ ಕಟ್ಟಿಕೊಳ್ಳುವ ಕಲ್ಪನೆ ಕೀಳಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇದು ಒಬ್ಬ ಪ್ರತಿಭಾವಂತನ ಆಕಸ್ಮಿಕವೂ ಅಲ್ಲ. 1965ರಲ್ಲಿ ಇರಾನಿನಲ್ಲಿ ಮಕ್ಕಳ ಮತ್ತು ಎಳೆಯರ ಬೌದ್ಧಿಕ ಬೆಳವಣಿಗೆಗಾಗಿ ಸ್ಥಾಪನೆಯಾದ, ‘ಕಾನೂನ್’ ಎಂದು ಕರೆಯಲಾಗುವ ಸಂಸ್ಥೆಯು ಮೊದಲು ಮಕ್ಕಳ ಗ್ರಂಥಾಲಯಗಳನ್ನು ಕಟ್ಟಿ, ಬಳಿಕ ಕಿಯಾರೊಸ್ತಮಿಯಂಥವರನ್ನು ಸೇರಿಸಿಕೊಂಡು ಚಿತ್ರ ವಿಭಾಗವನ್ನು ತೆರೆದಿತ್ತು. ಓದು ಮೊದಲು, ಚಿತ್ರ ಆಮೇಲೆ ಎಂಬ ಆ ಕ್ರಮ ಗಮನಾರ್ಹ.

ಭಾರತದಲ್ಲಿಯೂ ಅದಕ್ಕೆ ಹತ್ತು ವರ್ಷ ಮೊದಲೇ, 1955ರಲ್ಲಿ, ಮಕ್ಕಳ ಚಲನಚಿತ್ರ ಸಂಸ್ಥೆ ಸ್ಥಾಪನೆಯಾಗಿತ್ತು. ಪಿ.ಎನ್. ರಾಮಚಂದ್ರ ನಿರ್ದೇಶನದ ಕನ್ನಡ ಚಿತ್ರ ‘ಪುಟಾಣಿ ಪಾರ್ಟಿ’ ಈ ಸಂಸ್ಥೆಯದೇ ನಿರ್ಮಾಣ. ಸಂಸ್ಥೆಯ ಚಿತ್ರಗಳು ಶಾಲೆಗಳಲ್ಲಿ, ಉತ್ಸವಗಳಲ್ಲಿ ಓಡಾಡುತ್ತಿದ್ದವೇ ಹೊರತು ಟಾಕೀಸಿಗೆ ಬಂದದ್ದು ಕಡಿಮೆ. 2022ರಲ್ಲಿ ಅದನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು. ಇದೆಲ್ಲದರ ನಡುವೆಯೂ ಕನ್ನಡದ ದಾಖಲೆ ಹೆಮ್ಮೆಪಡುವಂಥದು. ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ 2006ರಿಂದ 2010ರವರೆಗಿನ ಐದು ಸಾಲುಗಳಲ್ಲಿ ನಾಲ್ಕು ಬಾರಿ ಕನ್ನಡಕ್ಕೆ ಬಂದಿದೆ: ಹತ್ತರ ಆಸುಪಾಸಿನ ವಯಸ್ಸಿನ ಕಿಶನ್ ನಿರ್ದೇಶಿಸಿದ ‘ಕೇರ್ ಆಫ್ ಫುಟ್‌ಪಾತ್’, ಆಮೇಲೆ ‘ಗುಬ್ಬಚ್ಚಿಗಳು’, ಮಲಯಾಳದ ‘ಕೇಶು’ ಜೊತೆ ಹಂಚಿಕೊಂಡ ‘ಪುಟಾಣಿ ಪಾರ್ಟಿ’, ಮತ್ತು ಪಿ.ಆರ್. ರಾಮದಾಸ್ ನಾಯ್ಡು ಅವರ ‘ಹೆಜ್ಜೆಗಳು’. ಎಂಟು ವರ್ಷದ ಬಳಿಕ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಅದೇ ಪ್ರಶಸ್ತಿಯನ್ನು ಪಡೆಯಿತು, ಮತ್ತು ಹಿಂದಿನ ನಾಲ್ಕಕ್ಕೂ ಇಲ್ಲದ ಒಂದು ಭಾಗ್ಯವನ್ನು, ಅಂದರೆ ಟಿಕೆಟ್ ಕೊಂಡು ಬರುವ ಪ್ರೇಕ್ಷಕರನ್ನು, ದೊಡ್ಡ ಸಂಖ್ಯೆಯಲ್ಲಿ ಪಡೆಯಿತು.

ಆದರೆ ಈ ಪ್ರಶಸ್ತಿಪಟ್ಟಿಯೇ ಕನ್ನಡ ಮಕ್ಕಳ ಚಿತ್ರದ ತೊಡಕನ್ನೂ ತೋರಿಸುತ್ತದೆ. ಪ್ರತಿ ಚಿತ್ರದ ಮಗುವಿನ ಹೆಗಲ ಮೇಲೂ ದೊಡ್ಡವರ ಒಂದು ಕಾರ್ಯಸೂಚಿ ಕುಳಿತಿದೆ. ಗುಬ್ಬಿ ಹುಡುಕುವ ಮಕ್ಕಳು ಪರಿಸರದ ವಕೀಲರು, ಉತ್ತರ ಕರ್ನಾಟಕದ ಹಳ್ಳಿಯೊಂದರ ಮಕ್ಕಳ ಸಮಿತಿಯ ಕಥೆ ಹೇಳುವ ‘ಪುಟಾಣಿ ಪಾರ್ಟಿ’ಯಲ್ಲಿ ಅವರು ಪ್ರಜಾಪ್ರಭುತ್ವದ ವಕೀಲರು, ಜಯಮಾಲಾ ನಿರ್ಮಿಸಿ ಪಿ. ಶೇಷಾದ್ರಿ ನಿರ್ದೇಶಿಸಿದ, ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ‘ತುತ್ತೂರಿ’ಯಲ್ಲಿ ನಗರ ಯೋಜನೆಯ ವಕೀಲರು, ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ತೆಗೆದ ‘ಕೊಟ್ರೇಶಿ ಕನಸು’ (1994) ಚಿತ್ರದಲ್ಲಿ ಏಳನೆಯ ತರಗತಿ ಪಾಸಾದ ದಲಿತ ಹುಡುಗನ ಮುಂದಿನ ಓದು ಊರಿನ ಜಾತಿವ್ಯವಸ್ಥೆಯ ಪರೀಕ್ಷೆಯಾಗುತ್ತದೆ. ಕಾಸರಗೋಡಿನ ಚಿತ್ರವಂತೂ ಈ ಇಬ್ಬಂದಿತನಕ್ಕೆ ಒಳ್ಳೆಯ ಮಾದರಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡ ಶಾಲೆ ಮುಚ್ಚುವ ಅಪಾಯ ಅದರ ವಸ್ತು. ಮೊದಲರ್ಧದಲ್ಲಿ ಹುಡುಗರು ಹುಡುಗರಾಗಿಯೇ ಇದ್ದಾರೆ. ಮಮ್ಮೂಟ್ಟಿ ಎಂಬ ಹುಡುಗನ ಬಡಾಯಿ, ಪ್ರವೀಣನ ಎಳೆಯ ಒಲವು, ಕನ್ನಡ ಬಾರದ ಮೇಷ್ಟರನ್ನು ಹೆದರಿಸುವ ಹುನ್ನಾರ ಇವೆಲ್ಲ ಅವರ ಲೋಕದ ಒಳಗಿನಿಂದ ಬಂದಿವೆ. ಅನಂತನಾಗ್ ಅವರ ಪಾತ್ರ ಮೈಸೂರಿನಿಂದ ಬಂದು ನ್ಯಾಯಾಲಯದಲ್ಲಿ ವಾದಕ್ಕೆ ನಿಲ್ಲುವ ಹೊತ್ತಿಗೆ ಮಕ್ಕಳು ಬದಿಗೆ ಸರಿದು ಕೇಳುಗರಾಗುತ್ತಾರೆ. ವಾದ ಸರಿಯಾದದ್ದೇ, ಗಡಿನಾಡ ಕನ್ನಡಿಗರ ಸಂಕಟವೂ ನಿಜವೇ. ಚಿತ್ರವಾಗಿ ಬದುಕಿರುವುದು ಮಾತ್ರ ಮೊದಲರ್ಧ.

ಸಮಸ್ಯೆ ಇರುವುದು ವಸ್ತುವಿನಲ್ಲಲ್ಲ, ಉದ್ದೇಶದಲ್ಲಿ. ಅಹಮದನ ನೋಟುಪುಸ್ತಕದಿಂದ ಯಾವ ಶಿಕ್ಷಣ ನೀತಿಯೂ ಬದಲಾಗುವುದಿಲ್ಲ. ಅದು ಗೆಳೆಯನಿಗೆ ತಲುಪಬೇಕು, ಅಷ್ಟೇ. ಸಾಲಹಳ್ಳಿಯ ಕಡೆಯ ಕುಂಟೆತ್ತಿನಿಂದ ಎತ್ತುಗಳ ಆರೋಗ್ಯವೇನೂ ಸುಧಾರಿಸುವುದಿಲ್ಲ. ಮಗುವಿನ ಕಲ್ಪನೆಗೆ ನಿರುಪಯೋಗಿಯಾಗಿರುವ ಹಕ್ಕು ಬೇಕು, ಮತ್ತು ಕನ್ನಡದ ಮಕ್ಕಳ ಚಿತ್ರ ಆ ಹಕ್ಕನ್ನು ಕೊಡಲು ಹಿಂಜರಿಯುತ್ತದೆ. ಇದಕ್ಕೆ ಕಾರಣ ನಿರ್ದೇಶಕರ ಮನೋಭಾವವೊಂದೇ ಅಲ್ಲ. ಮಕ್ಕಳ ಚಿತ್ರಕ್ಕೆ ಹಣ ಬರುವುದು ಬಹುಮಟ್ಟಿಗೆ ಸರ್ಕಾರದ ಸಹಾಯಧನ, ಪ್ರಶಸ್ತಿ ಮತ್ತು ಶಾಲಾ ಪ್ರದರ್ಶನಗಳಿಂದ. ಈ ಮೂರೂ ಕಡೆ ಕುಳಿತಿರುವ ಸಮಿತಿಗಳು ‘ಈ ಚಿತ್ರದಿಂದ ಮಕ್ಕಳಿಗೆ ಏನು ಸಂದೇಶ’ ಎಂಬ ಪ್ರಶ್ನೆಯನ್ನು ಮೊದಲು ಕೇಳುತ್ತವೆ, ಚಿತ್ರಕಥೆ ಬರೆಯುವವರು ಉತ್ತರವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳುತ್ತಾರೆ. ಟಾಕೀಸಿನ ಪ್ರೇಕ್ಷಕನನ್ನು ನಂಬಿದ ಕಾಲದಲ್ಲಿ, ಉದಾಹರಣೆಗೆ ಬಿ.ಆರ್. ಪಂತುಲು ಅವರ ‘ಮಕ್ಕಳ ರಾಜ್ಯ’ದ (1960) ಕಾಲದಲ್ಲಿ, ಮಕ್ಕಳ ತುಂಟತನವನ್ನೇ ಬಂಡವಾಳ ಮಾಡಿಕೊಳ್ಳುವ ಸಲಿಗೆ ಇತ್ತು.

ಹೊರಗಿನ ದೇಶಗಳ ಚಿತ್ರಗಳೆಲ್ಲ ಈ ವಿಷಯದಲ್ಲಿ ಮುಂದಿವೆ ಎಂದು ತಿಳಿಯಬೇಕಾಗಿಲ್ಲ. ಕ್ಯಾಥರಿನ್ ಪ್ಯಾಟರ್ಸನ್ ಎಂಬ ಲೇಖಕಿ ತನ್ನ ಮಗನ ಎಳೆಯ ಗೆಳತಿ ಸಿಡಿಲು ಬಡಿದು ಸತ್ತ ದುಃಖದಿಂದ 1977ರಲ್ಲಿ ಬರೆದ ‘ಬ್ರಿಡ್ಜ್ ಟು ಟೆರಬಿತಿಯ’ ಕಾದಂಬರಿಯಲ್ಲಿ ಹಳ್ಳದಾಚೆ ಇಬ್ಬರು ಮಕ್ಕಳು ಕಟ್ಟಿಕೊಳ್ಳುವ ರಾಜ್ಯ ಓದುಗನ ಕಣ್ಣಿಗೆ ಬರೀ ಕಾಡಾಗಿಯೇ ಉಳಿಯುತ್ತದೆ. 2007ರ ಚಲನಚಿತ್ರ ಆ ಕಾಡಿನೊಳಗೆ ಗಣಕಯಂತ್ರದಿಂದ ಮಾಡಿದ ದೈತ್ಯರನ್ನೂ ಹಾರುವ ಪ್ರಾಣಿಗಳನ್ನೂ ತಂದು ನಿಲ್ಲಿಸಿತು. ಮಕ್ಕಳು ಕಲ್ಪಿಸಿಕೊಂಡದ್ದನ್ನು ತೆರೆಯೇ ಪೂರ್ತಿ ತೋರಿಸಿಬಿಟ್ಟರೆ ನೋಡುವ ಮಗುವಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಇದಕ್ಕೆ ಎದುರಾಗಿ ಜಪಾನಿನ ಹಯಾವೊ ಮಿಯಾಝಾಕಿ ಅವರ ‘ನನ್ನ ನೆರೆಯ ಟೊಟೊರೊ’ (1988) ಎಂಬ ಕೈಯಿಂದ ಬಿಡಿಸಿದ ಅನಿಮೇಷನ್ ಚಿತ್ರದಲ್ಲಿ, ಅಂದರೆ ಒಂದೊಂದೇ ಚಿತ್ರ ಬರೆದು ಚಲನೆ ಮೂಡಿಸುವ ಕ್ರಮದಲ್ಲಿ ಮಾಡಿದ ಚಿತ್ರದಲ್ಲಿ, ಮರದ ಪೊಟರೆಯ ದೊಡ್ಡ ಪ್ರಾಣಿಯನ್ನು ಕಂಡೆನೆಂದು ಪುಟ್ಟ ಹುಡುಗಿ ಹೇಳಿದಾಗ ಅಪ್ಪ ಅದನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ. ಅವಳು ಕಾಡಿನ ಒಡೆಯನನ್ನು ಕಂಡಿರಬೇಕೆಂದು ಹೇಳಿ, ಮಕ್ಕಳ ಜೊತೆ ಹೋಗಿ ಆ ಮರಕ್ಕೆ ನಮಸ್ಕರಿಸಿ ಬರುತ್ತಾನೆ. ಮೊರದಲ್ಲಿ ಜೋಳ ತಂದು ಕುಂಟೆತ್ತಿಗೆ ಸುರಿಯುವ ಎರೆಸೀಮೆಯ ಹೆಂಗಸು ಮಾಡುವ ಕೆಲಸವೂ ಇದೇ.

ಹಾಗಿದ್ದೂ ಆ ಹೆಂಗಸು, ಆ ಓಣಿ, ಆ ಮಾತು ಕನ್ನಡದ ಮಕ್ಕಳ ಚಿತ್ರದಲ್ಲಿ ಕಾಣುವುದು ತೀರಾ ವಿರಳ. ಆಗುಂಬೆ, ಕರಾವಳಿ, ಬೆಂಗಳೂರಿನ ಬೀದಿ ಇವು ಮತ್ತೆ ಮತ್ತೆ ಬಾಲ್ಯದ ಭೂಪಟವಾಗಿವೆ. ಈಚಿನ ಒಳ್ಳೆಯ ಚಿತ್ರಗಳಲ್ಲೊಂದಾದ, ತಂದೆತಾಯಿಯನ್ನು ಕಳೆದುಕೊಂಡು ಮುಂಬಯಿಯಿಂದ ಬರುವ ಹುಡುಗನನ್ನು ಕುರಿತ ಸುಮಂತ್ ಭಟ್ ಅವರ ‘ಮಿಥ್ಯ’ವೂ ಉಡುಪಿಯ ಕಡೆಯದು. ಮಲಪ್ರಭೆಯ ದಂಡೆ, ನವಿಲುತೀರ್ಥದ ಹಿನ್ನೀರು, ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳ ಸಾಲು, ನಾಗರಪಂಚಮಿಯ ಜೋಕಾಲಿ, ಹೋಳಿಯ ಹೊತ್ತಿಗೆ ಕಟ್ಟಿಗೆ ಕದಿಯಲು ಹೊರಡುವ ಹುಡುಗರ ದಂಡು ಇವು ಯಾವುವೂ ಮಕ್ಕಳ ಕಥೆಯ ನೆಲೆಯಾಗಿ ಬಂದಿಲ್ಲವೆನ್ನುವಷ್ಟು ಕಡಿಮೆ. ಉತ್ತರ ಕರ್ನಾಟಕದ ಆಡುಮಾತು ಬಂದರೂ ಬಹಳ ಸಲ ನಗಿಸುವ ಪಾತ್ರದ ಬಾಯಲ್ಲಿ ಬರುತ್ತದೆ. ತನ್ನ ಮಾತು ತೆರೆಯ ಮೇಲೆ ಬಂದಾಗಲೆಲ್ಲ ಸುತ್ತಲಿನವರು ನಗುವುದನ್ನು ನೋಡಿ ಬೆಳೆಯುವ ಮಗು ಆ ಮಾತಿನಲ್ಲಿ ಕನಸು ಕಾಣಬಹುದೆಂದು ನಂಬುವುದು ಕಷ್ಟ. ‘ಕೊಟ್ರೇಶಿ ಕನಸು’ ಬಳ್ಳಾರಿ ಸೀಮೆಯ ಬದುಕನ್ನು ಗಂಭೀರವಾಗಿ ತೆಗೆದುಕೊಂಡು ರಾಷ್ಟ್ರಪ್ರಶಸ್ತಿಯನ್ನೂ ಪಡೆದು, ಅದರ ಹುಡುಗ ವಿಜಯ ರಾಘವೇಂದ್ರ ಅತ್ಯುತ್ತಮ ಬಾಲನಟನೆನಿಸಿ ಮೂರು ದಶಕಗಳಾದರೂ ಆ ದಾರಿಯಲ್ಲಿ ಹೆಜ್ಜೆ ಹಾಕಿದವರು ಕೆಲವರೇ.

ಇನ್ನು ತಲುಪುವ ಪ್ರಶ್ನೆ. ಪ್ರಶಸ್ತಿ ಪಡೆದ ಚಿತ್ರಗಳಲ್ಲಿ ಹೆಚ್ಚಿನವು ರಾಮದುರ್ಗದಂಥ ತಾಲ್ಲೂಕು ಕೇಂದ್ರದ ಟಾಕೀಸಿಗೆ ಬರುವುದೇ ಇಲ್ಲ, ಟಾಕೀಸುಗಳೂ ಈಗ ಎಲ್ಲೆಡೆ ಕಡಿಮೆಯಾಗುತ್ತಿವೆ. ಜಾತ್ರೆಯ ಹೊತ್ತಿಗೆ ಡೇರೆ ಹೊಡೆಯುತ್ತಿದ್ದ ಟೂರಿಂಗ್ ಟಾಕೀಸಿನ ಕಾಲವಂತೂ ಮುಗಿದಿದೆ. ಮನೆಯ ಮೊಬೈಲಿನಲ್ಲಿ ಮಗು ನೋಡುವುದು ಒಬ್ಬಂಟಿಯಾಗಿ, ತುಣುಕುಗಳಲ್ಲಿ, ಬೇರೆ ಭಾಷೆಯ ಡಬ್ಬಿಂಗ್‌ನಲ್ಲಿ. ಒಟ್ಟಿಗೆ ಕುಳಿತು ಒಂದೇ ಕಡೆ ನಗುವ, ಒಂದೇ ಕಡೆ ಉಸಿರು ಬಿಗಿಹಿಡಿಯುವ ಅನುಭವ ತಪ್ಪಿದರೆ ಗೆಳೆತನವನ್ನು ಕುರಿತ ಚಿತ್ರದ ಅರ್ಧ ಕೆಲಸ ತಪ್ಪಿದಂತೆಯೇ. ಆದರೆ ಬೇಕಾದ ಸಲಕರಣೆ ಈಗ ಹಲವು ಸರ್ಕಾರಿ ಪ್ರೌಢಶಾಲೆಗಳ ಸ್ಮಾರ್ಟ್‌ಕ್ಲಾಸ್ ಕೋಣೆಯಲ್ಲಿಯೇ ಇದೆ, ಸಮಯವೂ ಇದೆ: ರಾಜ್ಯದ ಶಾಲೆಗಳಲ್ಲಿ ತಿಂಗಳಿಗೊಂದು ಶನಿವಾರವನ್ನು ‘ಸಂಭ್ರಮ ಶನಿವಾರ’ವೆಂದು ಹೆಸರಿಟ್ಟು, ಮಕ್ಕಳು ಪುಸ್ತಕದ ಚೀಲವಿಲ್ಲದೆ ಬರುವ ದಿನವಾಗಿ ಗೊತ್ತುಮಾಡಲಾಗಿದೆ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲ್ಲೂಕುಗಳ ಶಿಕ್ಷಕರು ಅಂಥ ಒಂದು ಶನಿವಾರ ‘ಬೆಟ್ಟದ ಹೂವು’ ಅಥವಾ ‘ಒಂದಲ್ಲಾ ಎರಡಲ್ಲಾ’ ಚಿತ್ರವನ್ನು ಹಕ್ಕುದಾರರ ಅನುಮತಿ ಪಡೆದು, ಕೋಣೆಯ ಕಿಟಕಿಗೆ ಪರದೆ ಕಟ್ಟಿ, ಪೂರ್ತಿಯಾಗಿ, ನಡುವೆ ನಿಲ್ಲಿಸದೆ ತೋರಿಸಬೇಕು. ಮಣ್ಣೆತ್ತಿನ ಅಮಾವಾಸ್ಯೆಯ ಆಸುಪಾಸಿನ ಶನಿವಾರವಾದರೆ ಮತ್ತೂ ಒಳ್ಳೆಯದು. ಚಿತ್ರ ಮುಗಿದ ಮೇಲೆ ಇದರಿಂದ ಕಲಿತ ನೀತಿಯೇನು ಎಂದು ಯಾರನ್ನೂ ಎಬ್ಬಿಸಿ ಕೇಳದೆ, ಪ್ರಬಂಧ ಬರೆಯಲು ಹೇಳದೆ, ಮಕ್ಕಳನ್ನು ಬಯಲಿಗೆ ಬಿಡಬೇಕು.